ಸೈರನ್ ಕೂಗಿತು ಸರಿ, ಓಡುವುದು ಎತ್ತ ಕಡೆ?

2025ರ ಮೇ 7ರ ಮಾಕ್ ಡ್ರಿಲ್ ನೆನಪಿದೆ ಅಲ್ವಾ? ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಲ್ಲಿ ಸೈರನ್ ಕೂಗಿಸಿ ನೋಡಿ ಎಂದು ಕೇಂದ್ರ ಗೃಹ ಸಚಿವಾಲಯ ಹೇಳಿತ್ತು. ಕರ್ನಾಟಕದ ಪಾಲಿಗೆ ಆ ಪಟ್ಟಿಯಲ್ಲಿ ಬೆಂಗಳೂರು, ರಾಯಚೂರು, ಕಾರವಾರದ ಕಡೆಯ ಹೆಸರುಗಳಿದ್ದವು. ದಾವಣಗೆರೆಯೂ ಇರಲಿಲ್ಲ, ಚಿತ್ರದುರ್ಗವೂ ಇರಲಿಲ್ಲ. ಮೂರೇ ದಿನಕ್ಕೆ ಅದೇ ಸಚಿವಾಲಯ ಟಿವಿ ಚಾನೆಲ್‌ಗಳಿಗೆ ಇನ್ನೊಂದು ಸೂಚನೆ ಕೊಟ್ಟಿತು: ಸುದ್ದಿಯ ಹಿಂದೆ ಸೈರನ್ ಸದ್ದು ಹಾಕಬೇಡಿ. ಅದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ, ರಾಜ್ಯದ ಮೊಬೈಲ್‌ಗಳು ಒಟ್ಟಿಗೆ ಕಿರುಚಿ, ಇದು ಪರೀಕ್ಷಾ ಸಂದೇಶ ಎಂದು ತೋರಿಸಿ ಸುಮ್ಮನಾಗಿದ್ದವು. ಇದರ ಮೇಲೆ, ಅಣೆಕಟ್ಟುಗಳಿಗೆ ತುರ್ತು ಕಾರ್ಯಯೋಜನೆ ಇರಲೇಬೇಕು ಎನ್ನುವ ಅಣೆಕಟ್ಟು ಸುರಕ್ಷತಾ ಕಾಯ್ದೆಯ ಗಡುವು ಬೇರೆ.

ಇಷ್ಟನ್ನೂ ಬಿಡಿಬಿಡಿಯಾಗಿ ಕೇಳಿದವರಿಗೆ ಗೊಂದಲ ಆಗದೆ ಇರದು. ಸೈರನ್ ಇರುವುದು ಯುದ್ಧಕ್ಕೋ, ಹೊಳೆ ಉಕ್ಕಿದಾಗಲೋ? ಕೈಯಲ್ಲೇ ಮೊಬೈಲ್ ಇರುವಾಗ ಕಂಬದ ಮೇಲೆ ಕೂಗುವ ಯಂತ್ರ ಯಾಕೆ? ನಮ್ಮೂರಿಗೆ ಬೇಕೇ ಬೇಕು ಅನ್ನುವುದಾದರೆ ಎಲ್ಲಿ ಬೇಕು?

ಕಹಳೆಯವನು ಊಟಕ್ಕೆ ಹೋದಾಗ

ಚಿತ್ರದುರ್ಗದವರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಒನಕೆ ಓಬವ್ವನ ಕತೆಯಲ್ಲಿ ಓಬವ್ವನ ಗಂಡನ ಕೆಲಸವೇ ಕಹಳೆ ಊದುವುದು. ಕಾವಲು ಬಿಟ್ಟು ಮನೆಗೆ ಉಣ್ಣಲು ಬಂದ. ನೀರಿಗೆ ಹೋದ ಓಬವ್ವ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದನ್ನು ಕಂಡಳು. ಮುಂದಿನದು ಎಲ್ಲರಿಗೂ ಬಾಯಿಪಾಠ.

ಈ ಕತೆಯಲ್ಲಿ ನಾವು ಒನಕೆಯನ್ನೇ ನೋಡುತ್ತೇವೆ, ಕಹಳೆಯನ್ನು ಮರೆತುಬಿಡುತ್ತೇವೆ. ಎಚ್ಚರಿಕೆ ಎಂಬುದಕ್ಕೆ ಮೂರು ಕೊಂಡಿ. ಅಪಾಯವನ್ನು ಒಬ್ಬರು ಕಾಣಬೇಕು. ಕಂಡದ್ದನ್ನು ಊರಿಗೆ ಕೂಗಿ ಹೇಳಬೇಕು. ಕೂಗು ಕೇಳಿದವರಿಗೆ ಏನು ಮಾಡಬೇಕೆಂದು ಮೊದಲೇ ಗೊತ್ತಿರಬೇಕು. ಅವತ್ತು ಮೊದಲ ಕೊಂಡಿಯೇ ಕಳಚಿತ್ತು, ಒಬ್ಬ ಹೆಣ್ಣುಮಗಳ ಧೈರ್ಯ ಅದನ್ನು ತುಂಬಿತು. ಗಂಡ ಬಂದು ಕಹಳೆ ಊದಿದ ಮೇಲೆ ಸೈನಿಕರು ಬಂದರಲ್ಲ, ಆ ಸದ್ದಿನ ಅರ್ಥ ಅವರಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಬಂದರು. ಸೈರನ್ ಎಂಬುದು ಈ ಮೂರರಲ್ಲಿ ನಡುವಿನ ಕೊಂಡಿ ಮಾತ್ರ. ಟೆಂಡರ್ ಕರೆದು ಕೊಳ್ಳಲು ಆಗುವುದೂ ಅದೊಂದೇ. ಹಾಗಾಗಿ ಚರ್ಚೆಯೆಲ್ಲ ಅದರ ಸುತ್ತಲೇ ಸುತ್ತುತ್ತದೆ.

ಡಬ್ಬಿಯೊಳಗೆ ಏನಿದೆ

ಹಳೆಯ ಸೈರನ್ ಬಹಳ ಸರಳ. ಒಂದು ಮೋಟಾರ್. ಅದಕ್ಕೆ ಸಿಕ್ಕಿಸಿದ, ಸುತ್ತಲೂ ಕಿಂಡಿಗಳಿರುವ ತಿರುಗು ಡಬ್ಬಿ. ಅದರ ಹೊರಗೆ ಅಂಥದ್ದೇ ಕಿಂಡಿಗಳಿರುವ, ತಿರುಗದ ಇನ್ನೊಂದು ಡಬ್ಬಿ. ಒಳಗಿನದು ತಿರುಗುವಾಗ ಕಿಂಡಿಗೆ ಕಿಂಡಿ ಕೂಡಿದರೆ ಗಾಳಿ ನುಗ್ಗುತ್ತದೆ, ತಪ್ಪಿದರೆ ಕಟ್ಟಾಗುತ್ತದೆ. ಹತ್ತು ಕಿಂಡಿಯ ಡಬ್ಬಿ ಸೆಕೆಂಡಿಗೆ 50 ಸುತ್ತು ಹಾಕಿದರೆ ಗಾಳಿ 500 ಸಲ ಕತ್ತರಿಸಿದಂತಾಗುತ್ತದೆ. ನಮ್ಮ ಕಿವಿಗೆ ಬೀಳುವುದು ಆ 500 ಹರ್ಟ್ಸ್ ಸದ್ದು. ಮೋಟಾರ್‌ಗೆ ಕರೆಂಟ್ ಕೊಟ್ಟು ತೆಗೆದು ಮಾಡುತ್ತಿದ್ದರೆ ವೇಗ ಏರಿ ಇಳಿದು, ಸದ್ದೂ ಊಊ ಎಂದು ಏರಿ ಇಳಿಯುತ್ತದೆ. ಯುದ್ಧದ ಸೈರನ್ನಿನ ಆ ಅಳುವ ಧ್ವನಿ ಹುಟ್ಟುವುದು ಹೀಗೆ.

ಹೊಸ ಬಗೆಯದು ಎಲೆಕ್ಟ್ರಾನಿಕ್. ಇದರಲ್ಲಿ ತಿರುಗುವುದೇನೂ ಇಲ್ಲ; ದೊಡ್ಡ ಹಾರ್ನ್ ಸ್ಪೀಕರ್‌ಗಳು, ಆಂಪ್ಲಿಫೈಯರ್, ಬ್ಯಾಟರಿ. ಬೇಕಾದ ಸದ್ದು ಹೊರಡಿಸಬಹುದು, ಕನ್ನಡದಲ್ಲಿ ಮಾತೂ ಆಡಿಸಬಹುದು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಹೊಸತೇನಲ್ಲ. ಹಾಗಾಗಿ ಬ್ಯಾಟರಿ ಇರುವುದು ದೊಡ್ಡ ಅನುಕೂಲ. ಆದರೆ ಬ್ಯಾಟರಿ ಮೂರ್ನಾಲ್ಕು ವರ್ಷಕ್ಕೆ ಸಾಯುತ್ತದೆ ಎಂಬುದನ್ನು ಖರೀದಿಯ ದಿನ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಎಷ್ಟು ದೂರ ಕೇಳುತ್ತದೆ

‘ಹತ್ತು ಕಿಲೋಮೀಟರ್ ಕೇಳುತ್ತದೆ’ ಎಂಬ ಮಾತನ್ನು ಸುಮ್ನೆ ನಂಬಬೇಡಿ. ಲೆಕ್ಕ ಹಾಕೋಣ. ಊರೊಳಗೆ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 10 ಡೆಸಿಬಲ್ ಇಳಿಯುತ್ತದೆ ಎಂದು ಸೈರನ್ ಯೋಜನೆ ಮಾಡುವವರು ಹಿಡಿಯುತ್ತಾರೆ. 30 ಮೀಟರ್ ದೂರದಲ್ಲಿ 125 ಡೆಸಿಬಲ್ ಇರುವ ದೊಡ್ಡ ಸೈರನ್ ತೆಗೆದುಕೊಳ್ಳಿ. 60 ಮೀಟರಿಗೆ 115, 120ಕ್ಕೆ 105, 240ಕ್ಕೆ 95, 480ಕ್ಕೆ 85, 960 ಮೀಟರಿಗೆ 75.

ಇನ್ನು ಸುತ್ತಲಿನ ಗದ್ದಲ. ವಾಣಿಜ್ಯ ಪ್ರದೇಶದಲ್ಲಿ ಹಗಲು 65 ಡೆಸಿಬಲ್ ಮೀರಬಾರದು ಅನ್ನುತ್ತದೆ ನಮ್ಮ ಶಬ್ದಮಾಲಿನ್ಯ ನಿಯಮ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಬಸ್ಸು, ಆಟೊ ಹಾರ್ನ್ ನಡುವೆ ನಿಂತವರಿಗೆ ಆ ಮಿತಿ ನಗು ತರಿಸಬಹುದು. ಇರಲಿ, 65 ಎಂದೇ ಇಟ್ಟುಕೊಳ್ಳೋಣ. ಸೈರನ್ ಗಮನ ಸೆಳೆಯಬೇಕಾದರೆ ಗದ್ದಲಕ್ಕಿಂತ 10 ಡೆಸಿಬಲ್ ಆದರೂ ಜಾಸ್ತಿ ಇರಬೇಕು, ಅಂದರೆ 75. ಅಲ್ಲಿಗೆ ಆ ದೊಡ್ಡ ಸೈರನ್ನಿನ ಆಳ್ವಿಕೆ ಸುಮಾರು ಒಂದು ಕಿಲೋಮೀಟರಿಗೆ ಮುಗಿಯಿತು. ಅದೂ ಹೊರಗೆ ನಿಂತವರಿಗೆ. ಕಿಟಕಿ ಬಾಗಿಲು ಮುಚ್ಚಿದ ಮನೆಯ ಗೋಡೆ ಇನ್ನೂ 20 ಡೆಸಿಬಲ್ಲನ್ನಾದರೂ ನುಂಗುತ್ತದೆ. ಒಳಗೆ ಟಿವಿ, ಮೇಲೆ ತಗಡಿನ ಸೂರು, ಅದರ ಮೇಲೆ ಜೋರು ಮಳೆ ಅಂದರೆ ಸೈರನ್ ಕೇಳಿದಂತೆಯೇ! ಹೊಳೆ ಏರುವುದು ಬಹುಪಾಲು ಅಂಥ ರಾತ್ರಿಗಳಲ್ಲೇ.

ಹಾಗೆಂದು ಸೈರನ್ ಸೋತಿತು ಎಂದಲ್ಲ. ಅದನ್ನು ಮಾಡಿದ್ದೇ ಹೊರಗಿರುವವರಿಗಾಗಿ. ಹೊಲದಲ್ಲಿ, ಘಟ್ಟದಲ್ಲಿ, ಸಂತೆಯಲ್ಲಿ ಇರುವವರಿಗೆ. ಮನೆಯೊಳಗೆ ಮಲಗಿದವರನ್ನು ಎಬ್ಬಿಸುವುದು ಅದರ ಕೆಲಸವೇ ಅಲ್ಲ. ಈ ಒಂದು ಮಾತು ತಿಳಿಯದೆ ಎಷ್ಟೋ ಜಗಳ ನಡೆಯುತ್ತವೆ.

ಗಾಳಿ, ಗುಡ್ಡಗಳ ಆಟವೂ ಇದೆ. ಗಾಳಿ ಬೀಸುವ ದಿಕ್ಕಿಗೆ ಸದ್ದು ನೆಲಕ್ಕೆ ಬಾಗಿ ದೂರ ಹೋಗುತ್ತದೆ, ಎದುರು ದಿಕ್ಕಿಗೆ ಮೇಲೆದ್ದು ತಲೆಯ ಮೇಲೇ ಹಾರಿಹೋಗುತ್ತದೆ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ. ಹಾಗಾಗಿ ಊರಿನ ಪೂರ್ವಕ್ಕೆ ಸೈರನ್ ನೆಟ್ಟರೆ ಪಶ್ಚಿಮದವರಿಗೆ ಕೇಳುವುದು ಕಷ್ಟ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ತಿರುಗುವ ಚಿತ್ರದುರ್ಗದಲ್ಲಿ ಇದನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಅಲ್ಲಿನ ಬಂಡೆಗುಡ್ಡಗಳು ಇನ್ನೊಂದು ತಕರಾರು. ಗುಡ್ಡದ ಹಿಂದೆ ಸದ್ದಿನ ನೆರಳು, ಮುಂದೆ ಪ್ರತಿಧ್ವನಿ. ಮಾತನಾಡುವ ಸೈರನ್ ‘ಮೇಲಕ್ಕೆ ಹೋಗಿ’ ಅಂದದ್ದು ‘ಹೋಗಿ… ಹೋಗಿ…’ ಎಂದಷ್ಟೇ ಕೇಳಿಸಿದರೆ ಏನು ಮಾಡುವುದು?

ಒಂದೇ ಸದ್ದು, ಹಲವು ಅರ್ಥ

ನಿಜವಾದ ತೊಡಕು ಇಲ್ಲಿದೆ. ನಮ್ಮ ದೇಶದಲ್ಲಿ ಏರಿಳಿಯುವ ಎರಡು ನಿಮಿಷದ ಸೈರನ್ ವಾಯುದಾಳಿಯ ಎಚ್ಚರಿಕೆ. ಒಂದೇ ಸಮನೆ ಎರಡು ನಿಮಿಷ ಕೂಗಿದರೆ ಅಪಾಯ ಕಳೆಯಿತು ಎಂದರ್ಥ. ದಾವಣಗೆರೆಯ ಹಳಬರಿಗೆ ಸೈರನ್ ಅಂದರೆ ಹತ್ತಿ ಗಿರಣಿಯ ಪಾಳಿ. ಜನವರಿ 30ರಂದು ಕೂಗಿದರೆ ಅದು ಹುತಾತ್ಮರಿಗೆ ಎರಡು ನಿಮಿಷದ ಮೌನ. ಅಣೆಕಟ್ಟಿನ ಬಳಿ ಕೂಗಿದರೆ ನೀರು ಬಿಡುತ್ತಿದ್ದಾರೆ ಎಂದು. ಕಾರ್ಖಾನೆಯಿಂದ ಬಂದರೆ ಬೆಂಕಿಯೋ ಅನಿಲ ಸೋರಿಕೆಯೋ.

ಇವಕ್ಕೆ ಮಾಡಬೇಕಾದ್ದು ಒಂದೇ ಆಗಿದ್ದರೆ ಚಿಂತೆ ಇರಲಿಲ್ಲ. ನೆರೆ ಬಂದರೆ ಎತ್ತರಕ್ಕೆ ಹೋಗಬೇಕು, ಮನೆ ಬಿಡಬೇಕು. ವಾಯುದಾಳಿಯಾದರೆ ಒಳಗೆ ಸೇರಬೇಕು. ವಿಷಾನಿಲವಾದರೆ ಬಾಗಿಲು ಮುಚ್ಚಿ ಒಳಗಿರಬೇಕು, ಇಲ್ಲವೇ ಗಾಳಿ ಬೀಸುವ ದಿಕ್ಕಿಗೆ ಅಡ್ಡಲಾಗಿ ಸರಿಯಬೇಕು. ಹರಿಹರದ ಉದಾಹರಣೆ ನೋಡಿ. ಒಂದು ಕಡೆ ತುಂಗಭದ್ರೆ. ಎದುರು ದಡದ ಕುಮಾರಪಟ್ಟಣದಲ್ಲಿ ದೊಡ್ಡ ಕಾರ್ಖಾನೆಗಳು. ಟ್ಯಾಂಕರ್‌ಗಳು ಓಡುವ 48ನೇ ರಾಷ್ಟ್ರೀಯ ಹೆದ್ದಾರಿಯೂ ದೂರವಿಲ್ಲ. ಅಲ್ಲಿ ನಡುರಾತ್ರಿ ಒಂದು ಸೈರನ್ ಕೂಗಿದರೆ ಜನ ಬೀದಿಗೆ ಬರಬೇಕೋ, ಬಾಗಿಲು ಹಾಕಿಕೊಳ್ಳಬೇಕೋ?

ಇದು ಬರೀ ಊಹೆಯಲ್ಲ. 2023ರ ಆಗಸ್ಟ್ 8ರಂದು ಅಮೆರಿಕದ ಹವಾಯಿಯ ಲಹೈನಾ ಪಟ್ಟಣ ಕಾಳ್ಗಿಚ್ಚಿಗೆ ಸುಟ್ಟುಹೋಯಿತು, ನೂರರಷ್ಟು ಜನ ಸತ್ತರು. ಆ ರಾಜ್ಯದಲ್ಲಿ ಸುಮಾರು 400 ಸೈರನ್‌ಗಳ ಜಾಲವಿತ್ತು. ಅವತ್ತು ಒಂದೂ ಕೂಗಲಿಲ್ಲ. ಕೆಟ್ಟಿದ್ದಕ್ಕಲ್ಲ, ಕೂಗಿಸಲಿಲ್ಲ. ಅಲ್ಲಿ ಸೈರನ್ ಅಂದರೆ ಸುನಾಮಿ ಎಂದು ಜನರಿಗೆ ರೂಢಿ. ಕೂಗಿಸಿದರೆ ಬೆಟ್ಟದ ಕಡೆ, ಅಂದರೆ ಬೆಂಕಿಯ ಕಡೆಗೇ ಓಡುತ್ತಾರೆ ಎಂಬ ಭಯವಿತ್ತು ಎಂದು ಅಲ್ಲಿನ ತುರ್ತು ನಿರ್ವಹಣಾ ಮುಖ್ಯಸ್ಥರು ಹೇಳಿದರು. ಮರುದಿನ ರಾಜೀನಾಮೆ ಕೊಟ್ಟರು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ವಾದ ಮುಗಿಯುವಂಥದ್ದಲ್ಲ. ಸದ್ದಿಗೆ ಒಂದೇ ಅರ್ಥ ಅಂಟಿಕೊಂಡಿದ್ದರಿಂದ ಬೇರೆ ಅಪಾಯಕ್ಕೆ ಅದು ಬಳಕೆಗೇ ಬರಲಿಲ್ಲ ಎಂಬುದಂತೂ ನಿಜ.

ಸ್ವಿಟ್ಜರ್ಲೆಂಡ್ ಇದಕ್ಕೆ ಕಂಡುಕೊಂಡಿದ್ದ ದಾರಿ ಬೇರೆ. ಸಾಮಾನ್ಯ ಅಪಾಯಕ್ಕೆ ಏರಿಳಿಯುವ ಸದ್ದು. ಅಣೆಕಟ್ಟಿನ ಕೆಳಗಿನವರಿಗೆ ಮಾತ್ರ ಬೇರೆಯೇ ನೀರಿನ ಸದ್ದು: ದಪ್ಪ ಧ್ವನಿಯ 12 ಕೂಗು, ಒಂದೊಂದೂ 20 ಸೆಕೆಂಡ್, ನಡುವೆ 10 ಸೆಕೆಂಡ್ ಬಿಡುವು. ಅದು ಕೇಳಿದರೆ ಯಾರನ್ನೂ ಕೇಳದೆ ಎತ್ತರಕ್ಕೆ ಹೋಗುವುದು.

ನಮ್ಮ ಅಪಾಯ ಎಲ್ಲಿದೆ

ದಾವಣಗೆರೆ ಜಿಲ್ಲೆಯ ನೆರೆ ಎಲ್ಲಿಗೆ ಬರುತ್ತದೆ ಎಂಬುದು ಗುಟ್ಟೇನಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ, ಗಾಜನೂರಿನ ತುಂಗಾ ಅಣೆಕಟ್ಟೆಯಿಂದ ಒಟ್ಟಿಗೆ ನೀರು ಬಿಟ್ಟರೆ ಕೂಡ್ಲಿಯಲ್ಲಿ ಎರಡೂ ಸೇರುತ್ತವೆ. ಅಲ್ಲಿಂದ ಹೊನ್ನಾಳಿ, ಆಮೇಲೆ ಹರಿಹರ. ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರ, ಉಕ್ಕಡಗಾತ್ರಿಯ ಕಡೆಯ ರಸ್ತೆ ಇವು ಮಳೆಗಾಲದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು.

ಈ ನೆರೆ ಹೇಳಿಯೇ ಬರುತ್ತದೆ. ಭದ್ರೆಗೆ 186 ಅಡಿ ತುಂಬುತ್ತಾ ಬಂದಾಗ ಎಚ್ಚರಿಕೆ ಹೊರಡುತ್ತದೆ. ಅಣೆಕಟ್ಟಿನ ಎಂಜಿನಿಯರ್ ಜಿಲ್ಲಾಡಳಿತಕ್ಕೆ, ಅಲ್ಲಿಂದ ತಹಶೀಲ್ದಾರರಿಗೆ, ಅವರಿಂದ ಪಂಚಾಯ್ತಿಯ ಪಿಡಿಒಗೆ, ಕೊನೆಗೆ ಡಂಗುರ ಸಾರುವವನಿಗೆ ಇಲ್ಲವೇ ಮೈಕ್ ಕಟ್ಟಿದ ಆಟೊಗೆ. ಗೇಟಿನಿಂದ ಹೊನ್ನಾಳಿಗೆ ನೀರು ತಲುಪಲು ಸಮಯ ಹಿಡಿಯುವುದರಿಂದ ಈ ಉದ್ದದ ಸರಪಳಿ ಬಹುಪಾಲು ಸಲ ಸಾಕಾಗುತ್ತದೆ. ಇದಕ್ಕೆ ಸೈರನ್ ಬೇಕೇ ಬೇಕು ಅನ್ನುವುದು ಸ್ವಲ್ಪ ಅತಿಯಾಯಿತು.

ಸರಪಳಿಗೆ ಸಮಯವೇ ಸಿಗದ ಸಂದರ್ಭಕ್ಕೆ ಏನು? 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಯಾರೂ ತೀರ್ಮಾನಿಸಿ ಬಿಟ್ಟ ನೀರಲ್ಲ ಅದು. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಸರಿಯಾದ ಎಚ್ಚರಿಕೆ ಇರಲಿಲ್ಲ ಎಂಬುದೇ ಆಗ ಕೇಳಿಬಂದ ಮುಖ್ಯ ದೂರು. ಆ ಜಾಗಕ್ಕೆ ಬೇಕಿದ್ದದ್ದು ಹೊಳೆಯ ದಂಡೆಯಲ್ಲೇ ಕೂಗುವ ಸೈರನ್, ಅದರ ಕೆಳಗೆ ಅರ್ಥ ಬರೆದ ಒಂದು ಬೋರ್ಡು.

ಚಿತ್ರದುರ್ಗ ಜಿಲ್ಲೆಯ ಲೆಕ್ಕ ಇನ್ನೊಂದು ತರಹ. ಹಿರಿಯೂರಿನ ವಾಣಿ ವಿಲಾಸ ಸಾಗರ, ನಮ್ಮ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಮುಗಿದ ಅಣೆಕಟ್ಟು. ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ 89 ವರ್ಷ ಬಿಟ್ಟು 2022ರಲ್ಲಿ. ಮತ್ತೆ 2025ರ ಜನವರಿಯಲ್ಲಿ. ಕೋಡಿಗೆ ಎತ್ತಿ ಇಳಿಸುವ ಗೇಟಿಲ್ಲ. ನೀರು 130 ಅಡಿ ಮುಟ್ಟಿದರೆ ತಾನಾಗಿಯೇ ಹೊರಗೆ ಹರಿಯುತ್ತದೆ. ‘ಗೇಟ್ ತೆಗೆಯುತ್ತೇವೆ, ಹುಷಾರು’ ಎಂದು ಹೇಳುವ ಗಳಿಗೆಯೇ ಅಲ್ಲಿ ಇಲ್ಲ. ಹಾಗಾಗಿ ಅಲ್ಲಿ ಎಚ್ಚರಿಕೆ ನೀರಿನ ಮಟ್ಟಕ್ಕೆ ಕಟ್ಟಿಕೊಂಡಿರಬೇಕು: ಇಷ್ಟು ಅಡಿಗೆ ಮೊದಲ ಮಾತು, ಇಷ್ಟು ಅಡಿಗೆ ಎರಡನೆಯದು. ಇನ್ನೊಂದು ವಿಷಯ. 89 ವರ್ಷ ಅಂದರೆ ಮೂರು ತಲೆಮಾರು. ವೇದಾವತಿ ತುಂಬಿ ಹರಿದರೆ ಎಲ್ಲಿಯವರೆಗೆ ಬರುತ್ತಾಳೆ ಎಂದು ಹೇಳಬಲ್ಲ ಅಜ್ಜ ಅಜ್ಜಿಯರೇ ಉಳಿದಿರಲಿಲ್ಲ. 2022ರಲ್ಲಿ ಕೋಡಿ ನೋಡಲು ಜನ ಜಾತ್ರೆಯಂತೆ ಸೇರಿದರು. ಸಂತೋಷವೇ. ಅಪಾಯದ ಹತ್ತಿರ ಜನ ತಾವಾಗಿಯೇ ಬರುವುದು ಇಂಥ ದಿನಗಳಲ್ಲೇ.

ಮೊಬೈಲ್ ಸಾಕು ಅನ್ನುವವರು, ಸಾಲದು ಅನ್ನುವವರು

ಮೊಬೈಲ್ ಪಕ್ಷದವರ ವಾದ ಗಟ್ಟಿಯಾಗಿದೆ. 2023ರಲ್ಲಿ ಪರೀಕ್ಷೆ ಮಾಡಿದ್ದು ಸೆಲ್ ಬ್ರಾಡ್‌ಕಾಸ್ಟ್. ಎಸ್ಸೆಮ್ಮೆಸ್‌ನಂತೆ ಒಬ್ಬೊಬ್ಬರ ನಂಬರಿಗೆ ಹೋಗುವುದಲ್ಲ, ಟವರ್ ತನ್ನ ವ್ಯಾಪ್ತಿಯ ಎಲ್ಲ ಫೋನಿಗೂ ಒಂದೇ ಸಲ ಬಿತ್ತುತ್ತದೆ. ನೆಟ್‌ವರ್ಕ್ ಕಿಕ್ಕಿರಿದರೂ ನಿಲ್ಲದು. ಕನ್ನಡದಲ್ಲೇ ಬರೆದು ಕಳಿಸಬಹುದು. ‘ಹೊಳೆ ಏರುತ್ತಿದೆ, ಗಂಗಾನಗರದವರು ಎತ್ತರಕ್ಕೆ ಬನ್ನಿ’ ಎಂದು ಅರ್ಥವನ್ನೂ ಹೇಳಬಲ್ಲದು. ಮನೆಯೊಳಗೂ ಕೇಳುತ್ತದೆ.

ಎದುರು ಪಕ್ಷದ ಮಾತೂ ತೆಗೆದುಹಾಕುವಂಥದ್ದಲ್ಲ. ಉಕ್ಕಡಗಾತ್ರಿ ಕಡೆಯ ಒಬ್ಬ ರೈತನನ್ನು ನೆನೆಸಿಕೊಳ್ಳಿ. ನೀರು ಏರುತ್ತಿದೆ ಎಂದು ದಂಡೆಯ ಪಂಪ್‌ಸೆಟ್ ಬಿಚ್ಚಿ ಮೇಲೆ ತರಲು ಇಳಿದಿದ್ದಾನೆ. ಫೋನು ನೆನೆದೀತು ಎಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬೈಕಿನ ಸೀಟಿನಡಿ ಇಟ್ಟಿದ್ದಾನೆ. ಆ ಹೊತ್ತಿಗೆ ಅವನನ್ನು ಮುಟ್ಟುವುದು ಕಿವಿಗೆ ಬೀಳುವ ಸದ್ದೊಂದೇ. ಹಳೆ ಹ್ಯಾಂಡ್‌ಸೆಟ್ ಇರುವವರು, ಎರಡು ದಿನ ಕರೆಂಟಿಲ್ಲದೆ ಸತ್ತ ಟವರ್, ಕುರಿ ಕಾಯುವ ಹುಡುಗ ಇವರ ಕತೆಯೂ ಅದೇ.

2025ರ ಜುಲೈ 4ರಂದು ಅಮೆರಿಕದ ಟೆಕ್ಸಸ್‌ನಲ್ಲಿ ಗ್ವಾಡಲೂಪ್ ನದಿ ಬೆಳಗಿನ ಜಾವ ಉಕ್ಕಿದಾಗ ಈ ವಾದ ಜಗತ್ತಿಗೇ ಕೇಳಿತು. ಅತಿ ಹೆಚ್ಚು ಸಾವು ಕಂಡ ಕೆರ್ ಕೌಂಟಿಯ ದಂಡೆಯಲ್ಲಿ ಸೈರನ್ ಇರಲಿಲ್ಲ; ನೂರಕ್ಕೂ ಹೆಚ್ಚು ಜನ ಹೋದರು. ಕೆಳಗಿನ ಕಂಫರ್ಟ್ ಎಂಬ ಊರಲ್ಲಿ ಸೈರನ್ ಕೂಗಿತು, ಅಲ್ಲಿ ಯಾರೂ ಸಾಯಲಿಲ್ಲ. ಸೈರನ್ನೇ ಉಳಿಸಿತು ಎಂದುಬಿಡುವುದು ಸುಲಭ. ಆದರೆ ಆ ಊರು ಹೊಳೆಯ ಕೆಳಮಗ್ಗುಲಿಗಿತ್ತು, ಸಮಯವೂ ಜಾಸ್ತಿ ಸಿಕ್ಕಿತು ಎಂಬುದನ್ನು ಸೇರಿಸಿಯೇ ಹೇಳಬೇಕು.

ಇವೆರಡರ ನಡುವೆ ಆಯ್ಕೆಯೇ ಬೇಕಿಲ್ಲ ಎನ್ನುವುದು ಈ ಲೇಖನದ ವಾದ. ಸೈರನ್ ತಲೆ ಎತ್ತಿಸುತ್ತದೆ, ಮೊಬೈಲ್ ಮತ್ತು ಆಕಾಶವಾಣಿ ಯಾಕೆಂದು ಹೇಳುತ್ತವೆ, ಡಂಗುರದವನು ಬಾಗಿಲು ಬಡಿಯುತ್ತಾನೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದುಡ್ಡು ಕಮ್ಮಿ ಇದ್ದರೆ ಮೊದಲ ಸೈರನ್ ಹೋಗಬೇಕಾದ್ದು ದಾವಣಗೆರೆಯ ನಡುಪೇಟೆಗೆ ಅಲ್ಲ, ಹೊನ್ನಾಳಿ, ಹರಿಹರದ ಹೊಳೆದಂಡೆಗೆ.

ಸುಳ್ಳು ಕೂಗಿನ ಬೆಲೆ

ತೋಳ ಬಂತು ತೋಳ ಎಂದ ಹುಡುಗನ ಕತೆ ಸೈರನ್ನಿಗೆ ಸರಿಯಾಗಿ ಹೊಂದುತ್ತದೆ. ಚಾನೆಲ್‌ಗಳಿಗೆ ಗೃಹ ಸಚಿವಾಲಯ ಸೂಚನೆ ಕೊಟ್ಟದ್ದೂ ಅದಕ್ಕೇ: ದಿನವಿಡೀ ಕೇಳಿ ರೂಢಿಯಾದರೆ ನಿಜವಾದ ಸೈರನ್ನಿಗೂ ಜನ ಕಿವಿಗೊಡುವುದಿಲ್ಲ. 2011ರ ಮೇ 22ರಂದು ಅಮೆರಿಕದ ಜಾಪ್ಲಿನ್ ಊರಿಗೆ ಸುಂಟರಗಾಳಿ ಬಡಿದಾಗ ಸೈರನ್ ಮೊದಲೇ ಕೂಗಿತ್ತು. ಹೆಚ್ಚಿನವರು ಮೊದಲ ಕೂಗಿಗೆ ಕದಲಲಿಲ್ಲ, ಟಿವಿ ಹಾಕಿ, ಆಕಾಶ ನೋಡಿ ಖಾತ್ರಿ ಮಾಡಿಕೊಳ್ಳಲು ನಿಂತರು ಎಂದು ಆಮೇಲೆ ನಡೆದ ಅಧ್ಯಯನ ಹೇಳಿತು. ಸತ್ತವರು 150ಕ್ಕೂ ಹೆಚ್ಚು.

ಗಾಬರಿ ಆದೀತೆಂದು ಕೂಗಿಸದೇ ಇರುವುದೂ ಅಷ್ಟೇ ದುಬಾರಿ. 1984ರ ಭೋಪಾಲ್ ದುರಂತದ ರಾತ್ರಿ ಊರಿಗೆ ಕೇಳುವ ಸೈರನ್ನನ್ನು ಸ್ವಲ್ಪ ಹೊತ್ತಿಗೇ ನಿಲ್ಲಿಸಿದ್ದರು, ಕಾರ್ಖಾನೆಯೊಳಗಿನ ಎಚ್ಚರಿಕೆ ಮಾತ್ರ ಮುಂದುವರಿಯಿತು. ಇನ್ನೊಂದು ಬಗೆಯ ಕಾಟ ಕಿಡಿಗೇಡಿಗಳದು. 2017ರ ಏಪ್ರಿಲ್‌ನಲ್ಲಿ ಡಲ್ಲಾಸ್ ನಗರದ 156 ಸೈರನ್‌ಗಳನ್ನು ಯಾರೋ ರೇಡಿಯೊ ಸಂಕೇತದಿಂದ ನಡುರಾತ್ರಿ ಕೂಗಿಸಿಬಿಟ್ಟರು.

ಮುಂದೆ ಏನಾಗಬಹುದು

ಅಣೆಕಟ್ಟು ಸುರಕ್ಷತಾ ಕಾಯ್ದೆ ಜಾರಿಗೆ ಬಂದದ್ದು 2021ರ ಡಿಸೆಂಬರ್ 30ಕ್ಕೆ. ಅದರ ವ್ಯಾಪ್ತಿಯ ಹಳೆಯ ಅಣೆಕಟ್ಟುಗಳಿಗೂ ಐದು ವರ್ಷದೊಳಗೆ ತುರ್ತು ಕಾರ್ಯಯೋಜನೆ ಇರಲೇಬೇಕು ಎಂದು ಕಾಯ್ದೆ ಹೇಳುತ್ತದೆ. ಲೆಕ್ಕ ಹಾಕಿದರೆ 2026ರ ಡಿಸೆಂಬರ್ ಕೊನೆ. ಭದ್ರೆ, ಮಾರಿಕಣಿವೆಯಂಥವು ಇದರಡಿ ಬರುವಷ್ಟು ಎತ್ತರದವು. ನೀರು ನುಗ್ಗಿದರೆ ಎಲ್ಲಿಯವರೆಗೆ ಬಂದೀತು, ಯಾರಿಗೆ ಯಾರು ಹೇಳಬೇಕು ಎಂಬುದು ಆ ಯೋಜನೆಯಲ್ಲಿ ಇರುತ್ತದೆ. ಹಾಗಾಗಿ ಸೈರನ್ ಖರೀದಿಯ ಸುದ್ದಿಗಳು ಇನ್ನು ಜಾಸ್ತಿ ಬಂದರೆ ಅಚ್ಚರಿಯಿಲ್ಲ.

ಆಗ ಕೇಳಬೇಕಾದ್ದು ಎಷ್ಟು ಸೈರನ್ ಎಂದಲ್ಲ. ಗುಂಡಿ ಒತ್ತುವ ಅಧಿಕಾರ ಯಾರದು? ಮೇಲಿನವರ ಒಪ್ಪಿಗೆಗೆ ಕಾಯಬೇಕಾ? ರಾತ್ರಿ ಎರಡು ಗಂಟೆಗೆ ಆ ಕುರ್ಚಿಯಲ್ಲಿ ಯಾರಿರುತ್ತಾರೆ, ಅವರು ಊಟಕ್ಕೆ ಹೋದರೆ ಇನ್ಯಾರು? ನೀರಿನ ಸದ್ದು ಯಾವುದು, ಅನಿಲದ ಸದ್ದು ಯಾವುದು? ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬೇಡ ಎನ್ನುವ ನಿಯಮ ಅಡ್ಡ ಬರುವುದಿಲ್ಲ, ಸಾರ್ವಜನಿಕ ತುರ್ತಿಗೆ ಅದರಲ್ಲೇ ವಿನಾಯಿತಿ ಇದೆ.

ಇನ್ನು ಪರೀಕ್ಷೆ. ನೆದರ್‌ಲೆಂಡ್ಸ್‌ನಲ್ಲಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ 12ಕ್ಕೆ ಸೈರನ್ ಕೂಗಿಸಿ ನೋಡುತ್ತಾರೆ. ಮಕ್ಕಳಿಗೂ ಗೊತ್ತು. ನಮ್ಮಲ್ಲಿ ಅಂಥ ದಿನ ಇಲ್ಲ ಅನ್ನುವ ಹಾಗೂ ಇಲ್ಲ. ಸೈರನ್ ಇರುವ ಊರುಗಳಲ್ಲಿ ಜನವರಿ 30ರಂದು ಬೆಳಿಗ್ಗೆ 10:59ರಿಂದ 11ರವರೆಗೆ ಕೂಗಿಸಿ, ಮೌನ ಮುಗಿದಾಗ 11:02ರಿಂದ 11:03ರವರೆಗೆ ಮತ್ತೆ ಕೂಗಿಸಬೇಕು ಎಂಬ ಕೇಂದ್ರದ ಸೂಚನೆ ಪ್ರತಿ ವರ್ಷ ಬರುತ್ತದೆ. ಆ ಎರಡು ನಿಮಿಷ ಎಲ್ಲರೂ ಸುಮ್ಮನೆ ನಿಂತಿರುತ್ತಾರೆ. ಯಾವ ವಾರ್ಡಿಗೆ ಕೇಳಿಸಿತು, ಯಾವುದಕ್ಕೆ ಇಲ್ಲ, ಯಾವ ಸೈರನ್ ಕೂಗಲೇ ಇಲ್ಲ ಎಂದು 11:04ಕ್ಕೆ ಬರೆದಿಡಲು ಒಂದು ನೋಟ್‌ಬುಕ್ ಸಾಕು.